ಟವೆಲ್ ಹಿಡಿದವನ ಕಡೆಗೆ

ನನ್ನ ತಲೆ ನೀರಿನೊಳಗಿತ್ತು.

ಬರೀ ನೀರಲ್ಲ ಸ್ವಾಮಿ. ಹಾಲಿನಪುಡಿ ಕದಡಿದ, ಇಲಿಗಳು ಈಜಾಡಿ ಉಚ್ಚೆ ಹೊಯ್ದ ನೀರು! ಮೂಗಿಗೂ ಬಾಯಿಗೂ ನುಗ್ಗುತ್ತಿತ್ತು. ಕತ್ತಿನ ಮೇಲೆ ಕೋಣನ ಕೈ. ಕೋಣ ಅಂದರೆ ಆ ಲ್ಯಾಬಿನ ಸೆಕ್ಯೂರಿಟಿಯವನು, ಹೆಸರು ನಾನಿಟ್ಟದ್ದು.

ಅವನು ಕೂದಲು ಹಿಡಿದು ಮೇಲೆತ್ತಿದ.

"ಈಗ ಹೇಳಿ. ಏನು ನೋಡಿದ್ರಿ?" ಡಾಕ್ಟರ್ ಕೇಳಿದ. ಇಸ್ತ್ರಿ ಮಾಡಿದ ಕೋಟು, ಭುಜದ ಮೇಲೆ ನೀಲಿ ಟವೆಲ್.

"ನಿಮ್ಮ ಟವೆಲ್ ನೋಡ್ದೆ."

ಮತ್ತೆ ಮುಳುಗಿಸಿದರು.

ನಾನು ಪತ್ತೇದಾರ. ಮೋಸಗಾರರನ್ನು ಹಿಡಿದೇ ಹೊಟ್ಟೆ ಹೊರೆಯುವವನು. ಆದರೆ ಆ ಬೆಳಗ್ಗೆ ಅಲ್ಲಿಗೆ ಹೋದದ್ದು ಬರೀ ತಮ್ಮನಾಗಿ. ನನ್ನನ್ನು ಸಾಕಿದ ಅಕ್ಕನಿಗೆ ಮರೆವಿನ ಕಾಯಿಲೆ... ಆಲ್‌ಝೈಮರ್ಸ್. ಈಗಷ್ಟೇ ಶುರು. ಹೆಸರು, ಮುಖ, ಬೈಗುಳ ಎಲ್ಲ ನೆನಪಿದೆ. ದಾರಿ ಮಾತ್ರ ತಪ್ಪುತ್ತದೆ. ಮೂಲೆಯಂಗಡಿಗೆ ಹೋದವಳು ನಮ್ಮ ಬೀದಿಯಲ್ಲೇ ನಮ್ಮ ಮನೆ ಸಿಗದೆ ಅಳುತ್ತ ನಿಂತಿದ್ದಳು.

ಈ ಡಾಕ್ಟರ್ ಹೊಸ ಇಂಜೆಕ್ಷನ್ ಮಾಡಿದ್ದ. ಬೆನ್ನುಹುರಿಗೆ ಚುಚ್ಚುವುದು. ಮಿದುಳು ಊದಿಕೊಳ್ಳುವ ಅಪಾಯವಿದೆ ಎಂದೂ ಹೇಳಿದ್ದ. ಗುಣವಾಗುವ ಆಸೆಗೆ ನಾವು ಒಪ್ಪಿದ್ದೆವು. ಅವತ್ತು ಮೇಲಿನ ಮಹಡಿಯಲ್ಲಿ ಮೊದಲ ಸೂಜಿ ನನ್ನ ಅಕ್ಕನಿಗೇ.

ಅದಕ್ಕೂ ಮುಂಚೆ ರೋಗಿಗಳ ಮನೆಯವರನ್ನೆಲ್ಲ ಕೆಳಗೆ ಲ್ಯಾಬಿಗೆ ಕರೆದ.

"ಈ ಇಲಿಗಳಿಗೂ ಅದೇ ಕಾಯಿಲೆ ಬರಿಸಿದೀವಿ. ಇವಕ್ಕೂ ಮೊದಲು ಹೋಗೋದು ದಾರಿಯ ನೆನಪೇ," ಅಂದ.

ದುಂಡನೆಯ ತೊಟ್ಟಿ. ಬಿಳಿ ನೀರಿನಡಿ ಕಾಣದ ಹಾಗೆ, ಇಲಿ ಹತ್ತಿ ನಿಲ್ಲುವುದಕ್ಕೆ ಒಂದು ಬಿಡಿ ಕಬ್ಬಿಣದ ಮೆಟ್ಟಿಲು. ಗೋಡೆಗಳ ಮೇಲೆ ತ್ರಿಕೋನ, ನಕ್ಷತ್ರ, ಪಟ್ಟೆಗಳು. ಅವುಗಳ ಗುರುತಿನಿಂದಲೇ ಇಲಿ ಮೆಟ್ಟಿಲಿನ ಜಾಗ ನೆನಪಿಟ್ಟುಕೊಳ್ಳಬೇಕು. ಔಷಧಿ ಇಲ್ಲದ ಇಲಿ ಸುತ್ತಿ ಸುತ್ತಿ ಸುಸ್ತಾಯಿತು. ಔಷಧಿ ಕೊಟ್ಟ ಇಲಿ... ಸೀದಾ ಹೋಗಿ ಮೆಟ್ಟಿಲು ಹತ್ತಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣಲ್ಲಿ ನೀರೂ ಬಂತು.

ಆಮೇಲೆ ಪತ್ತೇದಾರನ ಬುದ್ಧಿ ಕೆಲಸ ಶುರುಮಾಡಿತು. ಮೊದಲ ಇಲಿ ಈಜುವಾಗ ಡಾಕ್ಟರ್ ಕಿಟಕಿಯ ಬಳಿ ಸುಮ್ಮನೆ ನಿಂತಿದ್ದ. ಎರಡನೆಯದಕ್ಕೆ ಮಾತ್ರ ಮೆಟ್ಟಿಲಿದ್ದ ಬದಿಯ ತೊಟ್ಟಿಯಂಚಿಗೆ ಬಂದು ಟವೆಲ್ ಬಿಚ್ಚಿ ಹಿಡಿದಿದ್ದ. ಪ್ರತಿ ಸಲ ಈಜಿದ ಮೇಲೆ ಇಲಿಯನ್ನು ಬೆಚ್ಚಗೆ ಒರೆಸುವುದು ಆ ಟವೆಲ್ಲಿನಿಂದಲೇ ಅಂತ ಅವನೇ ಹೇಳಿದ್ದ.

ಎಲ್ಲರೂ ಕಾಫಿಗೆ ಹೋದರು. ನಾನು ಉಳಿದೆ. ಕುರ್ಚಿಯ ಮೇಲಿದ್ದ ಟವೆಲ್ ತೆಗೆದುಕೊಂಡೆ. ಆ ಎರಡನೇ ಇಲಿಯನ್ನು ನೀರಿಗೆ ಬಿಟ್ಟು, ಮೆಟ್ಟಿಲಿನ ಎದುರು ಬದಿಗೆ ಹೋಗಿ ಟವೆಲ್ ಬಿಚ್ಚಿ ಹಿಡಿದು ನಿಂತೆ.

ಇಲಿ ಮೆಟ್ಟಿಲಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ತೊಟ್ಟಿಯ ಗೋಡೆ ಕೆರೆಯಿತು. ಅದಕ್ಕೆ ಯಾವ ದಾರಿಯೂ ನೆನಪಿರಲಿಲ್ಲ, ಒರೆಸುವ ಟವೆಲ್ ಮಾತ್ರ ಗೊತ್ತಿತ್ತು.

ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು.

ಹಾಗೆ ಟವೆಲ್ ಮತ್ತೆ ಡಾಕ್ಟರ್‌ನ ಭುಜಕ್ಕೆ, ನನ್ನ ತಲೆ ತೊಟ್ಟಿಗೆ ಬಂತು.

"ಸ್ವಲ್ಪ ಹೊತ್ತು ಸುಮ್ನಿರಿ," ಡಾಕ್ಟರ್ ಹೇಳಿದ. "ಮೇಲೆ ನರ್ಸ್ ರೆಡಿ ಇದಾರೆ."

"ಅಕ್ಕಂಗೆ ಏನಾದ್ರೂ ಆದ್ರೆ?"

"ವಯಸ್ಸಾಗಿತ್ತು ಅಂತೀವಿ. ಎಲ್ರೂ ಒಪ್ತಾರೆ."

ಥೂ! ಎಂಥೆಂಥ ಕೊಳಕರನ್ನು ನೋಡಿದ್ದೇನೆ. ಕೊಲೆಗಾರನ ಜೊತೆ ಕೂತು ಊಟ ಮಾಡಿದ್ದೇನೆ. ಇವನ ಎದುರು ನಿಲ್ಲುವುದಕ್ಕೇ ಹೇಸಿಗೆಯಾಯಿತು.

ಮೂರನೇ ಸಲ ಮುಳುಗಿದಾಗ ಕೈಗೆ ಏನೋ ತಾಗಿತು. ಮೆಟ್ಟಿಲು! ಕಿತ್ತು ಹಿಂದಕ್ಕೆ ಬೀಸಿದೆ. ಕೋಣನ ಮೊಣಕಾಲು ಲಟಕ್ಕೆಂದಿತು. ಔಷಧಿ ಇಲ್ಲದೆ ಅದನ್ನು ಹುಡುಕಿದವನು ಅಲ್ಲಿ ನಾನೊಬ್ಬನೇ. ಡಾಕ್ಟರ್‌ನ ಭುಜದಿಂದ ಟವೆಲ್ ಕಸಿದು ಓಡಿದೆ.

ಒದ್ದೆ ಬೂಟು ಜಾರುತ್ತಿತ್ತು. ಹಿಂದೆ ಕೋಣ ಕುಂಟುತ್ತ ಬರುತ್ತಿದ್ದ. ಮೇಲೆ ಉದ್ದನೆಯ ಕಾರಿಡಾರು, ಎಲ್ಲ ಬಾಗಿಲೂ ಒಂದೇ ಥರ. ಒಂದು ತೆರೆದೆ, ಗೋದಾಮು. ಇನ್ನೊಂದು ತೆರೆದೆ.

ಅಕ್ಕ ಮಗ್ಗುಲಾಗಿ ಮಲಗಿದ್ದಳು. ನರ್ಸ್ ಸೂಜಿ ಹಿಡಿದು ಬಗ್ಗಿದ್ದಳು.

"ನಿಲ್ಸಿ!"

ನರ್ಸ್ ಬೆಚ್ಚಿ ಹಿಂದೆ ಸರಿದಳು. ಸೂಜಿ ಕಸಿದು ಕಾಲಡಿ ಹಾಕಿ ತುಳಿದೆ. ಗಲಾಟೆಗೆ ಕಾಫಿ ಕುಡಿಯುತ್ತಿದ್ದವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಅವರ ಹಿಂದೆ ಡಾಕ್ಟರ್.

"ಈತನಿಗೆ ತಲೆ ಕೆಟ್ಟಿದೆ," ಅಂದ.

"ಸರಿ. ಇವರೆಲ್ಲ ಕೆಳಗೆ ಹೋಗಿ ಇನ್ನೊಂದು ಸಲ ಇಲಿ ಬಿಡ್ಲಿ," ಅಂದೆ. "ಈ ಸಲ ನೀವೂ ನಿಮ್ಮ ಟವೆಲ್ಲೂ ಇಲ್ಲೇ ಇರಿ, ಡಾಕ್ಟ್ರೇ."

ಡಾಕ್ಟರ್ ಟವೆಲ್ ಕಸಿಯಲು ಕೈ ಚಾಚಿದ. ಒಬ್ಬ ರೋಗಿಯ ಹೆಂಡತಿ ಅವನ ಮುಖವನ್ನೇ ನೋಡಿದಳು. "ನಡೀರಿ, ನೋಡೇ ಬಿಡೋಣ," ಎಂದು ಎಲ್ಲರನ್ನೂ ಹೊರಡಿಸಿದಳು. ಕೋಣ ಕೂಡ ದಾರಿ ಬಿಟ್ಟ.

ಅಕ್ಕ ಎದ್ದು ಕೂತಿದ್ದಳು. "ಏನೋ ಇದು ನಿನ್ನ ಅವತಾರ? ಬಾ ಇಲ್ಲಿ." ನನ್ನ ಕೈಯಿಂದ ಟವೆಲ್ ತಗೊಂಡು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಗಸಗಸ ತಲೆ ಒರೆಸಿದಳು. ನಾನು ತಲೆ ತಗ್ಗಿಸಿಕೊಂಡು ನಿಂತೆ.

ಟವೆಲ್ ಇಲ್ಲದೆ ಇಲಿಗೆ ಮೆಟ್ಟಿಲು ಸಿಗಲೇ ಇಲ್ಲ. ಡಾಕ್ಟರ್ ಈಗ ಜೈಲಿನಲ್ಲಿದ್ದಾನೆ. ಅಕ್ಕನ ಕಾಯಿಲೆ ಇದ್ದ ಹಾಗೇ ಇದೆ. ದಿನಾ ಸಂಜೆ ಅವಳೊಬ್ಬಳೇ ಮೂಲೆಯಂಗಡಿಗೆ ಹೋಗಿ ವಾಪಸ್ ಬರುತ್ತಾಳೆ. ನಾನು ಮನೆಯ ಗೇಟಿನಲ್ಲಿ ಆ ನೀಲಿ ಟವೆಲ್ ಬಿಚ್ಚಿ ಹಿಡಿದು ನಿಂತಿರುತ್ತೇನೆ.

ಬೀದಿಯ ಪುಂಡರು ಈಗಲೂ ನನಗೆ ಹೆದರುತ್ತಾರೆ. ಟವೆಲ್ ಯಾಕೆ ಅಂತ ಕೇಳುವ ಧೈರ್ಯ ಇನ್ನೂ ಒಬ್ಬನಿಗೂ ಬಂದಿಲ್ಲ.