ಬೂದಿಮಾರನ ಮೈಮೇಲೆ ಪುಂಡಿ ಬೆಳೆದದ್ದು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಬಿಳಿಗಲ್ಲು ಎಂಬ ರಾಜ್ಯವಿತ್ತು. ಅಲ್ಲಿಯ ಗುಡ್ಡದ ಮೇಲೆ ಬೂದಿಮಾರನೆಂಬ ಮಾಂತ್ರಿಕ ಬಂದು ಕೂತ. ನಲವತ್ತು ಗಂಡಸರನ್ನು ಎತ್ತು ಮಾಡಿ ತನ್ನ ಗಾಣಗಳಿಗೆ ಹೂಡಿದ. "ನನ್ನನ್ನು ಕಟ್ಟಿಹಾಕಿದವರಿಗೆ ಎತ್ತು ಬಿಟ್ಟುಕೊಡುತ್ತೇನೆ. ಅಮಾವಾಸ್ಯೆ ಕಳೆದರೆ ಇವರು ಸಾಯುವತನಕ ಎತ್ತುಗಳೇ" ಎಂದು ಸಾರಿದ.

ಹಗ್ಗ ಹೊಸೆಯುವ ದ್ಯಾವವ್ವನ ಗಂಡ ಭರಮಪ್ಪನೂ ಆ ನಲವತ್ತರಲ್ಲಿ ಒಬ್ಬ. ಅವಳು ಹಗ್ಗದ ನಾರಿಗೆಂದು ಪುಂಡಿ ಗಿಡ ಕೊಯ್ದು, ಕಟ್ಟು ಕಟ್ಟಿ, ಕೆರೆಯಲ್ಲಿ ಮುಳುಗಿಸಿ ಕಲ್ಲು ಹೇರಿದಳು. ಪುಂಡಿ ಹದಿನೈದು ದಿನ ಕೊಳೆತು ನಾತ ಹೊಡೆದ ಮೇಲೇ ನಾರು ಸಲೀಸಾಗಿ ಬಿಚ್ಚುತ್ತದೆ. ಇವಳು ಒಂಬತ್ತನೆಯ ದಿನಕ್ಕೇ ಕಟ್ಟು ಎತ್ತಿದ್ದು ಕಂಡು ಅತ್ತೆ ಗಾಬರಿಯಾದಳು.

"ಸಿಪ್ಪಿ ಇನ್ನೂ ಹಸರೈತಿ. ಅರ್ಧ ಜೀವದ ನಾರಿನ ಹಗ್ಗ ನಮ್ಮ ಮನ್ಯಾಗ ಯಾರೂ ಹೊಸದಿಲ್ಲವ್ವ."

"ನಾಡಿದ್ದ ಅಮಾಸಿ ಐತ್ರಿ, ಅತ್ತಿ. ಇದು ಕೊಳಿಯೂತನಕ ಕುಂತ್ರ ನಿಮ್ಮ ಮಗ ಎತ್ತಾಗೇ ಗ್ವಾದಲ್ಯಾಗ ಉಳಿತಾನ."

ಅಮಾವಾಸ್ಯೆಯ ದಿನ ಊರೆಲ್ಲ ಗುಡ್ಡದ ಮೇಲೆ ಸೇರಿತು. ಮೊದಲು ಸೇನಾಧಿಪತಿ ಕಬ್ಬಿಣದ ಸರಪಳಿ ತಂದ. ಬೂದಿಮಾರ ತಾನೇ ಕೈಚಾಚಿ ಕಟ್ಟಿಸಿಕೊಂಡು, "ಮೊದಲು ಏನಾಗಿದ್ದೆಯೋ ಅದಾಗು" ಎಂದ. ಸರಪಳಿ ಕೆಂಪು ಮಣ್ಣಾಗಿ ಉದುರಿತು. ಆಮೇಲೆ ರಾಜಕುಮಾರ ರೇಷ್ಮೆ ಹಗ್ಗ ತಂದ. "ಮೊದಲು ಏನಾಗಿದ್ದೆಯೋ ಅದಾಗು." ಹಗ್ಗ ಹುಳುಗಳಾಗಿ ತೆವಳಿಕೊಂಡು ಹೋಯಿತು.

ಮೂರನೆಯವಳು ದ್ಯಾವವ್ವ. ಹಗ್ಗದ ನಾತಕ್ಕೆ ಬೂದಿಮಾರ ಮೂಗು ಮುಚ್ಚಿಕೊಂಡ. "ಬೇಗ ಸುತ್ತಿ ಮುಗಿಸು" ಎಂದ. ಅವಳು ಕಾಲಿನಿಂದ ಕತ್ತಿನತನಕ ಬಿಗಿದು ಸುತ್ತಿದಳು.

"ಮೊದಲು ಏನಾಗಿದ್ದೆಯೋ ಅದಾಗು."

ಪೂರ್ತಿ ಕೊಳೆತು ಜೀವ ಹೋದ ನಾರಾಗಿದ್ದರೆ ಹಗ್ಗ ಕೆರೆಯ ಕೆಸರಾಗಿ ಜಾರಿಹೋಗುತ್ತಿತ್ತು. ಇದರಲ್ಲಿ ಹಸಿರು ಉಳಿದಿತ್ತು. ಒಂದೊಂದು ಎಳೆಯೂ ಗಿಡವಾಗಿ, ಸಿಕ್ಕ ಜಾಗದಲ್ಲೇ ಬೇರು ಬಿಟ್ಟಿತು. ಸಿಕ್ಕ ಜಾಗ ಬೂದಿಮಾರನ ಮೈ. ಇನ್ನೊಂದು ಮಂತ್ರ ಹೇಳಲು ಅವನು ಬಾಯಿ ತೆರೆದ. ಮಾತಿನ ಬದಲು ಹಳದಿ ಹೂವು ಹೊರಬಂತು. ಹೀಗಾಗುತ್ತದೆಂದು ದ್ಯಾವವ್ವನೂ ಎಣಿಸಿರಲಿಲ್ಲ.

ಅವನ ಮಂತ್ರವೆಲ್ಲ ಸೊಪ್ಪಿಗೆ ಏರಿತ್ತು. ಎತ್ತುಗಳು ನೊಗ ಮುರಿದುಕೊಂಡು ಓಡಿಬಂದು ಮಾಂತ್ರಿಕನ ಮೈಮೇಲಿನ ಪುಂಡಿ ಮೇಯತೊಡಗಿದವು. ಒಂದೊಂದು ತುತ್ತಿಗೆ ಒಬ್ಬೊಬ್ಬ ಮನುಷ್ಯ ಎದ್ದು ನಿಂತ. ಮೂವತ್ತೊಂಬತ್ತು ಮಂದಿ ನಿಂತರು, ಅವರಲ್ಲಿ ಭರಮಪ್ಪ ಇರಲಿಲ್ಲ. ನಲವತ್ತನೆಯ ಎತ್ತು ನೊಗ ಮುರಿಯಲಾರದೆ ಗಾಣದಲ್ಲೇ ಉಳಿದಿತ್ತು. ಗಿಡಗಳಲ್ಲಿ ಒಂದೇ ಹಿಡಿ ಸೊಪ್ಪು ಉಳಿದಿತ್ತು.

ದ್ಯಾವವ್ವ ಮುಳ್ಳುದಂಟಿಗೆ ಕೈಹಾಕಿ ಅದನ್ನು ಕಿತ್ತಳು. ಅಂಗೈ ಹರಿದು ರಕ್ತ ಸೋರಿತು. ಗಾಣಕ್ಕೆ ಓಡಿ ಎತ್ತಿನ ಬಾಯಿಗೆ ಹಿಡಿದರೆ ಅದು ಮುಖ ತಿರುಗಿಸಿತು.

"ತಿನ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಎತ್ತು ಬಾಯಿ ತೆರೆಯಿತು. ಕೊರಳಲ್ಲಿ ನೊಗ ಹೊತ್ತುಕೊಂಡೇ ಭರಮಪ್ಪ ನಿಂತಿದ್ದ, ಇನ್ನೂ ಅಗಿಯುತ್ತಿದ್ದ.

"ಭಾಳ ಹುಳಿ ಐತಿ" ಎಂದ.

ದ್ಯಾವವ್ವ ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು.

ರಾಜ ನಲವತ್ತು ಮನೆಗೂ ಹಬ್ಬದೂಟ ಕಳಿಸಿದ. ಬೂದಿಮಾರನ ಮಂತ್ರ ಸೊಪ್ಪಿನ ಜೊತೆಗೇ ಮುಗಿದಿತ್ತು. ಬಿಳಿಗಲ್ಲಿನಲ್ಲಿ ಆಮೇಲೆ ಯಾರೂ ಎತ್ತಾಗಲಿಲ್ಲ, ಎಲ್ಲರೂ ಉಂಡುಟ್ಟು ಸುಖವಾಗಿ ಬಾಳಿದರು. ಭರಮಪ್ಪ ಮಾತ್ರ, ಯಾರಾದರೂ ಪುಂಡಿಪಲ್ಯ ಬಡಿಸಿದರೆ, ತಾಟು ಬಿಟ್ಟು ಎದ್ದು ಹೋಗುತ್ತಿದ್ದ.