ಹಿಂದಿನ ಗಾಲಿಗೊಂದು ಕಲ್ಲು

ನಮ್ಮ ಪಿಕಪ್ ಮೊದಲು ಹಾಳು ಮಾಡಿದ್ದು ಪ್ರೇಮಕುಮಾರನ ಊಟದ ಡಬ್ಬಿಯನ್ನು. ನನ್ನ ನೆಮ್ಮದಿಯ ಸರದಿ ಆಮೇಲೆ ಬಂತು.

ತೊಂಬತ್ತೊಂಬತ್ತರ ಚಳಿಗಾಲ. ಪುಣೆಯ ದಾಪೋಡಿಯ ಏರಿನಲ್ಲಿ ಕಿರಾಣಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಜೋಳದ ಹಿಟ್ಟಿನ ಚೀಲ ಇಳಿಸುತ್ತಿದ್ದೆ. ಬಸ್‌ಸ್ಟಾಪಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು, "ಮ್ಯಾಡಮ್, ಗಾಡಿ ಮಾಗೆ ಚಾಲ್ಲೀ." ತಿರುಗಿ ನೋಡಿದರೆ ಹೌದು, ಗಾಡಿ ತನ್ನ ಪಾಡಿಗೆ ತಾನು ಹಿಂದೆ ಹೊರಟಿದೆ. ಹೆಗಲ ಮೇಲೆ ಚೀಲ, ಓಡುವುದು ಹೇಗೆ?

"ಅಯ್ಯ, ಇದರ ಹೆಣಾ ಎತ್ಲಿ," ಎಂದೆ.

ಕೂಗಿದವನು ಅಷ್ಟರಲ್ಲಿ ಓಡಿಬಂದು ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನೇ ಹಿಂದಿನ ಗಾಲಿಗೆ ಕೊಟ್ಟ. ಡಬ್ಬಿ ಚಪ್ಪಟೆಯಾಗುವಷ್ಟರಲ್ಲಿ ಫುಟ್‌ಪಾತಿನಿಂದ ಒಂದು ಕಲ್ಲು ಕಿತ್ತು ತಂದು ಕಾಲಿನಿಂದ ಒದ್ದು ಸೇರಿಸಿದ. ಗಾಡಿ ನಿಂತಿತು.

"ನೀವು ಕನ್ನಡದವರೇನ್ರಿ?" ಎಂದ, ಡಬ್ಬಿಯ ಕಡೆ ನೋಡದೆ.

"ಬೈಗುಳದಾಗ ಗೊತ್ತಾತೇನು?"

"ಬೈಗುಳದಾಗನ ಗೊತ್ತಾಗೋದ್ರಿ. ನಮ್ಮವ್ವನೂ ಹಿಂಗ ಬೈತಾಳ."

ನಗು ಬಂತು. ಆದರೆ ನಗಲಿಲ್ಲ. ಗಂಡಸರು ಓಡಿಬಂದು ಸಹಾಯ ಮಾಡಿದ ಕೂಡಲೇ ನಗಬಾರದು ಎಂದು ಪುಣೆಯ ರಸ್ತೆಗಳು ನನಗೆ ಕಲಿಸಿದ್ದವು.

ನನ್ನ ಹೆಸರು ಶಾಮಲಾ. ಸದಾಶಿವ ಪೇಠದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಅಪ್ಪ ಏಕನಾಥ ಧಾರವಾಡದಿಂದ ಬಂದು ಹಾಕಿದ್ದು. ಜೋಳ ವಿಜಾಪುರದಿಂದ ಬರುತ್ತದೆ, ಬೀಸಿದ ಹಿಟ್ಟು ಭೋಸರಿ, ಪಿಂಪ್ರಿಯ ಕಾರ್ಖಾನೆಗಳ ಕ್ಯಾಂಟೀನುಗಳಿಗೆ ಹೋಗುತ್ತದೆ. ಅಲ್ಲಿ ಕಲಬುರ್ಗಿ, ಬೀದರ ಕಡೆಯ ಜನ ಹೆಚ್ಚು, ಅವರಿಗೆ ರೊಟ್ಟಿಯಿಲ್ಲದೆ ಆಗದು. ಅಪ್ಪನ ಮೊಣಕಾಲು ಹೋದ ಮೇಲೆ, ಡ್ರೈವರ್ ಹೇಳದೆ ಕೇಳದೆ ಬಿಟ್ಟುಹೋದ ಮೇಲೆ, ಸ್ಟೀರಿಂಗು ನನ್ನ ಕೈಗೆ ಬಂತು. ನಮ್ಮ ನೀಲಿ ಪಿಕಪ್ ವಯಸ್ಸಿನಲ್ಲಿ ನನಗಿಂತ ಚಿಕ್ಕದು, ಸ್ವಭಾವದಲ್ಲಿ ಮಾತ್ರ ನಮ್ಮ ಸೋದರತ್ತೆ. ಹೊರಡು ಎಂದರೆ ಗೊಣಗುತ್ತದೆ, ನಿಲ್ಲು ಎಂದರೆ ಕೇಳುವುದೇ ಇಲ್ಲ.

ಮರುದಿನ ಅದೇ ಬಸ್‌ಸ್ಟಾಪಿನಲ್ಲಿ ಅವನಿಗೆ ಹೊಸ ಡಬ್ಬಿ ಕೊಟ್ಟೆ. ಖಾಲಿ ಡಬ್ಬಿ ಕೊಡುವುದು ನಮ್ಮಲ್ಲಿ ರೂಢಿ ಇಲ್ಲ, ರೊಟ್ಟಿ, ಶೇಂಗಾ ಚಟ್ನಿ ಹಾಕಿದ್ದೆ. ಅಷ್ಟೇ, ಬೇರೇನೂ ಉದ್ದೇಶ ಇರಲಿಲ್ಲ.

"ಭೋಸರಿಗೇನ್ರಿ ಹೊಂಟದ್ದು?" ಎಂದು ಕೇಳಿದ.

"ಹೂಂ."

"ಹಂಗಾದ್ರ ನನ್ನೂ ಹತ್ತಿಸಿಕೊಳ್ರಿ. ನೀವು ನಿಂತಲ್ಲೆಲ್ಲಾ ಗಾಲಿಗೆ ಕಲ್ಲು ಹಚ್ತೀನಿ. ಬಸ್ಸಿನಾಗ ಜೋತಾಡೋದು ತಪ್ಪತದ."

ವ್ಯವಹಾರ ಸರಿಯಾಗಿತ್ತು. ನಮ್ಮ ಗಾಡಿಯ ಸೆಲ್ಫ್ ಸ್ಟಾರ್ಟರ್ ನೆಚ್ಚುವಂಥದ್ದಲ್ಲ. ಇಂಜಿನ್ ಆರಿಸಿದರೆ ಮತ್ತೆ ಹೊತ್ತೀತು ಎಂಬ ಖಾತ್ರಿ ಇಲ್ಲ, ಆದ್ದರಿಂದ ಗೇರಿಗೆ ಹಾಕಿ ನಿಲ್ಲಿಸುವಂತಿಲ್ಲ. ಹ್ಯಾಂಡ್‌ಬ್ರೇಕ್ ಬರೀ ಹೆಸರಿಗೆ. ಕಲ್ಲೇ ಗತಿ. ಅಜ್ಜಿಯ ಕಾಲದ ಬೀಸುವ ಕಲ್ಲು ಒಡೆದು ಎರಡು ಹೋಳಾಗಿ ಗಿರಣಿಯ ಮೂಲೆಯಲ್ಲಿ ಬಿದ್ದಿತ್ತು. ಅದರ ಒಂದು ಹೋಳು ತಂದು ಸೀಟಿನ ಕೆಳಗೆ ಇಟ್ಟೆ. ಗಾಲಿಗೆ ಹೇಳಿ ಮಾಡಿಸಿದ ಹಾಗಿತ್ತು.

ಹೆಸರು ಕೇಳಿದೆ. ಪ್ರೇಮಕುಮಾರ ಎಂದ. ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

"ನಗ್ರಿ," ಎಂದ. "ಎಲ್ಲಾರೂ ನಗ್ತಾರ. ನಮ್ಮಪ್ಪ ಸಿನೆಮಾ ಭಾಳ ನೋಡ್ತಿದ್ದ."

ಅವನಪ್ಪ ಆಳಂದದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಈಗಿಲ್ಲ. ದಾಪೋಡಿಯಲ್ಲಿ ಅವ್ವ ಹುಲಿಗೆವ್ವ, ಇವನು, ಇಬ್ಬರೇ. ಐ.ಟಿ.ಐ. ಮುಗಿಸಿ ಭೋಸರಿಯ ಯಾವುದೋ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ. ಏನು ಮಾಲು ಎಂದು ಕೇಳಿದ್ದಕ್ಕೆ, "ತಂತಿ ಹೆಣೀತೀವ್ರಿ, ಗಾಡಿಗೆ ಅವಕ್ಕ ಇವಕ್ಕ," ಎಂದು ಹೇಳಿ ಕಿಟಕಿಯ ಆಚೆ ನೋಡಿದ್ದ. ನಾನೂ ಮುಂದೆ ಕೇಳಲಿಲ್ಲ.

ಹೀಗೆ ಶುರುವಾಯಿತು. ಕಾಸರವಾಡಿಯ ಅಂಗಡಿ ಬಂತು ಎಂದರೆ ಗಾಡಿ ಪೂರ್ತಿ ನಿಲ್ಲುವ ಮೊದಲೇ ಕಲ್ಲು ಹಿಡಿದು ಜಿಗಿಯುತ್ತಿದ್ದ. ಕಲ್ಲು ಇಟ್ಟು, ಗಾಲಿಗೆ ಎರಡು ಸಲ ತಟ್ಟಿ, ಕನ್ನಡಿಯಲ್ಲಿ ನನ್ನ ಕಡೆ ನೋಡುತ್ತಿದ್ದ. ಅದರರ್ಥ, ಬ್ರೇಕಿನ ಮೇಲಿನ ಕಾಲು ತೆಗೆಯಬಹುದು. ನಾನು ತೆಗೆಯುತ್ತಿರಲಿಲ್ಲ, ಸ್ವಲ್ಪ ಹೊತ್ತು ಕನ್ನಡಿಯಲ್ಲೇ ನೋಡುತ್ತಿದ್ದೆ. ಆ ಕನ್ನಡಿಗೆ ಒಂದು ಬಿರುಕಿತ್ತು, ಅವನ ಹುಬ್ಬಿನ ಮೇಲೆ ಸರಿಯಾಗಿ ಬರುತ್ತಿತ್ತು. ಬದಲಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ.

ನಮ್ಮ ಬ್ರೇಕಿನ ರೋಗ ಒಂದೆರಡಲ್ಲ. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು, ಅಂದರೆ ಅವನ ಬದಿಗೆ. "ಗಾಡಿಗೂ ನನ್ನ ಕಡೀಗೆ ಒಲವದ ನೋಡ್ರಿ," ಎಂದು ಒಂದು ದಿನ ಅಂದ. "ಅದಕ್ಕ ಬುದ್ಧಿ ಕಮ್ಮಿ," ಎಂದೆ. ಕಿವಿ ಬಿಸಿಯಾದದ್ದು ಅವನಿಗೆ ಕಾಣದಿರಲಿ ಎಂದು ಹಾರ್ನ್ ಹೊಡೆದೆ. ಮುಂದೆ ಯಾರೂ ಇರಲಿಲ್ಲ.

ಭೋಸರಿಯ ಗ್ಯಾರೇಜಿನ ಜಟ್ಟೆಪ್ಪ ಕಾಕಾ ಬಲಗಡೆ ಗಾಲಿ ಬಿಚ್ಚಿ, ಬ್ರೇಕಿನ ಸಿಲಿಂಡರ್ ಸೋರುತ್ತಿದೆ ಎಂದು ಕಂಡುಹಿಡಿದು ಬದಲಿಸಿದರು. ಎಳೆತ ನಿಂತಿತು. ಮುಂದೆ ಕಿರ್ರೆಂಬ ಸದ್ದು. ಲೈನರು ಸವೆದು ರಿವೆಟ್ಟೇ ಡ್ರಮ್ಮಿಗೆ ಉಜ್ಜುತ್ತಿತ್ತು. ಅದೂ ಆಯಿತು. ಆಮೇಲೆ ಪೆಡಲು. ಒಮ್ಮೆ ಒತ್ತಿದರೆ ಹಿಟ್ಟಿನ ಚೀಲ ತುಳಿದಂತೆ ಮೆತ್ತಗೆ ಕೆಳಗೆ ಹೋಗುತ್ತಿತ್ತು, ಎರಡನೇ ಸಲ ತುಳಿದರೆ ಮಾತ್ರ ಹಿಡಿಯುತ್ತಿತ್ತು. ಪೈಪಿನೊಳಗೆ ಗಾಳಿ ಸೇರಿದೆ, ತೆಗೆಯಬೇಕು ಎಂದರು ಕಾಕಾ.

ಅದು ಮೂವರ ಕೆಲಸ. ಕಾಕಾ ಗಾಡಿಯ ಕೆಳಗೆ, ನಾನು ಪೆಡಲಿನ ಮೇಲೆ, ಪ್ರೇಮಕುಮಾರ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಸುರಿಯುತ್ತ. ಎತ್ತಿದ ಬಾನೆಟ್ಟಿನ ಕೆಳಗೆ ಒಂದು ಸಂದಿ. ಆ ಸಂದಿಯಲ್ಲಿ ಅವನ ಕಣ್ಣು ಮಾತ್ರ ಕಾಣುತ್ತಿತ್ತು, ಬಾಟಲಿಯ ಮೇಲಿರಬೇಕಾದ ಕಣ್ಣು.

"ಒತ್ತಿ ಹಿಡಿ, ತಂಗಿ," ಎಂದರು ಕಾಕಾ. "ನಾ ಬಿಡು ಅಂದ ಮ್ಯಾಲ ಬಿಡಬೇಕು."

ಒತ್ತಿ ಹಿಡಿದೆ. ಸಂದಿಯಲ್ಲಿನ ಕಣ್ಣು ನಕ್ಕಿತು. ನನ್ನ ಕಾಲು ತಾನಾಗಿ ಸಡಿಲಾಯಿತು.

"ಏ, ಬಿಟ್ಟೀ ಯಾಕ? ಗಾಳಿ ಮತ್ತ ಒಳಗ ಹೋತು," ಎಂದು ಕೆಳಗಿನಿಂದ ಕೂಗಿದರು. "ಮೊದಲಿಂದ ಮಾಡೂಣ."

ಮೊದಲಿನಿಂದ ಮಾಡಿದೆವು. ನನಗೇನೂ ಬೇಸರವಾಗಲಿಲ್ಲ.

ಕೊನೆಗೆ ಉಳಿದದ್ದು ಹ್ಯಾಂಡ್‌ಬ್ರೇಕ್. "ಕೇಬಲ್ ಜಗ್ಗಿ ಜಗ್ಗಿ ಉದ್ದಾಗೇದ, ಹೊಸಾದು ಹಾಕಿದ್ರ ಮುಗೀತು. ಅರ್ಧಾ ತಾಸಿನ ಕೆಲಸ," ಎಂದರು ಕಾಕಾ. ಪ್ರೇಮಕುಮಾರ ಆಗ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದ. ನಾನು ಮೆಲ್ಲಗೆ, "ಮುಂದಿನ ವಾರ ನೋಡೂಣ್ರಿ ಕಾಕಾ," ಎಂದೆ.

ಮುಂದಿನ ವಾರವೂ ಹಾಗೆಯೇ ಎಂದೆ. ಯುಗಾದಿ ಹೋಯಿತು, ಮಳೆಗಾಲ ಹೋಯಿತು, ಗಣಪತಿ ಕೂತು ಎದ್ದು ಹೋದ. ಅಪ್ಪ ಕೇಳಿದಾಗ ಟೈಮ್ ಸಿಗುತ್ತಿಲ್ಲ ಎಂದೆ. ಅಪ್ಪ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು.

ದಸರೆ ಮುಗಿದ ಮೇಲೆ ಪ್ರೇಮಕುಮಾರ ಅವ್ವನನ್ನು ಕರೆದುಕೊಂಡು ಊರಿಗೆ ಹೋದ. ಆ ದಿನ ಭೋಸರಿಯ ಕ್ಯಾಂಟೀನಿನ ಇಳಿಜಾರಿನಲ್ಲಿ ಕಲ್ಲು ನಾನೇ ಇಟ್ಟೆ. ಅವಸರದಲ್ಲಿ ಓರೆಯಾಗಿ ಇಟ್ಟಿದ್ದೆನೇನೋ. ಅದು ಸಿಡಿದು ಆಚೆ ಹೋಯಿತು, ಗಾಡಿ ಹೊರಟಿತು. ನಾನು ಓಡಿ, ಬಾಗಿಲಿಗೆ ಜೋತುಬಿದ್ದು, ಒಳಗೆ ತೂರಿ ಬ್ರೇಕ್ ತುಳಿಯುವಷ್ಟರಲ್ಲಿ ಮೊಣಕೈಯ ಚರ್ಮ ಉದ್ದಕ್ಕೂ ಕಿತ್ತುಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ. ಹಿಟ್ಟಿನ ಚೀಲ ಒಡೆದು ನಾನು ಬಿಳಿ ದೆವ್ವದಂತೆ ಮನೆಗೆ ಬಂದೆ.

ಅವನು ತಿರುಗಿ ಬಂದ ದಿನ ನನ್ನ ಕೈಗೆ ಕಟ್ಟಿದ ಪಟ್ಟಿ ನೋಡಿದ. ಏನಾಯಿತು ಎಂದು ಕೇಳಿದ, ಹೇಳಿದೆ. ಆ ದಿನ ಭೋಸರಿಯವರೆಗೂ ಕಲ್ಲು ಇಟ್ಟಾಗಲೆಲ್ಲ ಕನ್ನಡಿಯಲ್ಲಿ ನೋಡಲೇ ಇಲ್ಲ.

ಗುರುವಾರ ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ. ಆ ಗುರುವಾರ ಅವನು ನಮ್ಮ ಗಿರಣಿಗೇ ಬಂದ, ಜೊತೆಗೆ ಜಟ್ಟೆಪ್ಪ ಕಾಕಾ, ಕೈಯಲ್ಲಿ ಕಾಗದ ಸುತ್ತಿದ ಹೊಸ ಕೇಬಲ್. ಅಪ್ಪನಿಗೆ ನಮಸ್ಕಾರ ಮಾಡಿ ಗಾಡಿಯ ಕೆಳಗೆ ಹೋದವರು ಚಹಾ ಕುದಿದು ಆರುವಷ್ಟರಲ್ಲಿ ಎದ್ದರು. ನಿಜವಾಗಿಯೂ ಅರ್ಧ ತಾಸಿನ ಕೆಲಸ.

ಪ್ರೇಮಕುಮಾರ ಸೀಟಿನ ಕೆಳಗಿಂದ ಬೀಸುವ ಕಲ್ಲಿನ ಹೋಳು ತೆಗೆದು, ಒರೆಸಿ, ಗಿರಣಿಯ ಮೂಲೆಯಲ್ಲಿ ಅದರ ಜೋಡಿಯ ಪಕ್ಕ ಇಟ್ಟ.

"ಇನ್ನ ಕಲ್ಲು ಬ್ಯಾಡ್ರಿ," ಎಂದ. "ಎಂಥಾ ಏರಿನಾಗೂ ನಿಲ್ಲತದ."

"ಛಲೋ ಆತು," ಎಂದೆ.

ಮರುದಿನ ಬಸ್‌ಸ್ಟಾಪಿನಲ್ಲಿ ಅವನಿರಲಿಲ್ಲ. ಮೊದಲಿನ ಬಸ್ಸಿಗೇ ಹೋದ ಎಂದು ಕಿರಾಣಿ ಅಂಗಡಿಯ ಶ್ಯಾಮ ಹೇಳಿದ. ಅದರ ಮರುದಿನವೂ ಇಲ್ಲ. ನನಗೆ ಸಿಟ್ಟು ಬಂತು. ಋಣ ತೀರಿಸಿ ಕೈ ತೊಳೆದುಕೊಂಡನಲ್ಲ, ನನ್ನ ಪಕ್ಕ ಕೂತು ಕೂತು ಸಾಕಾಗಿತ್ತೇನೋ, ಪೀಡೆ ಕಳೆಯಲಿ ಎಂದು ಕೇಬಲ್ ಹಾಕಿಸಿ ಹೋದ, ಹೋಗಲಿ. ಹಾಗಂತ ಗಾಡಿಗೆ ಹೇಳಿದೆ. ಹ್ಯಾಂಡ್‌ಬ್ರೇಕ್ ಎಳೆದರೆ ಗಟ್ಟಿಯಾಗಿ ಹಿಡಿಯುತ್ತಿತ್ತು. ಹಾಗೆ ಹಿಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಖಾಲಿ ಸೀಟಿನ ಮೇಲೆ ಚೀಲ ಇಟ್ಟು ನೋಡಿದೆ, ಪ್ರಯೋಜನವಾಗಲಿಲ್ಲ.

ಮುಂದಿನ ವಾರ ಆಯಿಲ್ ನೋಡಿಸಲು ಗ್ಯಾರೇಜಿಗೆ ಹೋದೆ.

"ಕೇಬಲ್ ಹೆಂಗದ?" ಎಂದರು ಜಟ್ಟೆಪ್ಪ ಕಾಕಾ.

"ಅದಕ್ಕೇನಾಗೇದ್ರಿ. ಯಾವ ಅಂಗಡಿಯಾಗ ಸಿಕ್ಕತು?"

"ಅಂಗಡಿಯಾಗ ಯಾಕ ತರ್ತಾನ? ಅವನ ಕಂಪನಿಯಾಗ ಅದನ್ನ ಮಾಡ್ತಾರಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್. ದಿನಾ ಜಗ್ಗಿ ಜಗ್ಗಿ ಪಾಸ್ ಮಾಡಾಂವ ಅವನ." ಕಾಕಾ ಕೈ ಒರೆಸಿಕೊಂಡರು. "ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ನಾನು ಅಲ್ಲೇ ಟಯರಿನ ಮೇಲೆ ಕೂತೆ. ದಿನವಿಡೀ ಹ್ಯಾಂಡ್‌ಬ್ರೇಕ್ ಕೇಬಲ್ ಕೈಯಲ್ಲಿ ಹಿಡಿಯುವ ಮನುಷ್ಯ, ಸುಮಾರು ಒಂದು ವರ್ಷ, ಬೆಳಿಗ್ಗೆ ಬೆಳಿಗ್ಗೆ ನನ್ನ ಗಾಲಿಗೆ ಕಲ್ಲು ಹಚ್ಚಿದ್ದ. ತಂತಿ ಹೆಣೀತೀವಿ ಅಂತೆ. ಕಳ್ಳ.

"ಆಯಿಲ್ ನಾಳೆ ನೋಡ್ರಿ ಕಾಕಾ," ಎಂದೆ. ಅವನ ಕಂಪನಿ ಎಲ್ಲಿದೆ ಎಂದು ಕೇಳಿಕೊಂಡು ಗಾಡಿ ತಿರುಗಿಸಿ ಸದಾಶಿವ ಪೇಠಕ್ಕೆ ಹೋದೆ. ಮೂಲೆಯಿಂದ ಕಲ್ಲು ಎತ್ತಿಕೊಳ್ಳುವಾಗ ಅಪ್ಪ, "ಬ್ರೇಕ್ ಕೆಟ್ಟಿತೇನವಾ?" ಎಂದರು.

"ಇಲ್ಲಪ್ಪಾ."

"ಹಂಗಾರ ಹೋಗಿ ಬಾ," ಎಂದರು, ಪೇಪರಿನಿಂದ ತಲೆ ಎತ್ತದೆ.

ಪಾಳಿ ಬಿಡುವ ಹೊತ್ತಿಗೆ ಅವನ ಕಾರ್ಖಾನೆಯ ಗೇಟಿನ ಮುಂದೆ ಇದ್ದೆ. ಅಲ್ಲಿ ಒಳ್ಳೆಯ ಇಳಿಜಾರಿದೆ. ಹ್ಯಾಂಡ್‌ಬ್ರೇಕ್ ಎಳೆದು, ಕಲ್ಲು ಎದೆಗೆ ಅವಚಿಕೊಂಡು ಗಾಡಿಯ ಪಕ್ಕ ನಿಂತೆ. ಹೊರಬರುತ್ತಿದ್ದವರೆಲ್ಲ ನನ್ನನ್ನೇ ನೋಡಿದರು. ನೋಡಲಿ.

ಪ್ರೇಮಕುಮಾರ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತುಬಿಟ್ಟ. ಆಮೇಲೆ ಓಡಿಬಂದ.

"ಮತ್ತ ಜಾರತೇನ್ರಿ? ಕೇಬಲ್ ಬಿಟ್ಟತೇನು?"

"ಇಲ್ಲ. ಹಿಡಕೊಂಡ ನಿಂತದ, ನೋಡ್ರಿ."

"ಹಂಗಾರ ಕಲ್ಲು ಯಾಕ?"

"ಮೊದಲ ನಾ ಕೇಳೋದಕ್ಕ ಉತ್ತರಾ ಹೇಳ್ರಿ. ನಿಮ್ಮ ಕೈಯಾಗ ಹಗಲೆಲ್ಲಾ ಕೇಬಲ್ ಇರ್ತಿತ್ತು. ಒಂದು ತರಲಿಕ್ಕೆ ಏನಾಗಿತ್ತು?"

ಅವನು ತನ್ನ ಬೂಟು ನೋಡಿಕೊಂಡ. ಕುತ್ತಿಗೆಯವರೆಗೂ ಕೆಂಪಾದ.

"ತಂದಿದ್ರ ನಾ ಬಸ್ಸಿಗೆ ಹೋಗಬೇಕಾಗ್ತಿತ್ರಿ."

"ಮತ್ತ ಈಗ್ಯಾಕ ತಂದ್ರಿ?"

"ನಿಮ್ಮ ಮೊಣಕೈ ನೋಡಿ. ನನ್ನ ಆಸೇದ ಸಲುವಾಗಿ ನಿಮ್ಮ ಜೀವಾ ಹೋಗ್ತಿತ್ತು. ಆಮ್ಯಾಲ ಯಾವ ಮುಖಾ ಇಟಗೊಂಡು ಬಾಜೂಕ ಕೂಡ್ಲಿ?"

ಕಲ್ಲು ಭಾರವಾಗಿತ್ತು. ಅದನ್ನು ಇನ್ನಷ್ಟು ಗಟ್ಟಿಯಾಗಿ ಅವಚಿಕೊಂಡೆ.

"ಜಟ್ಟೆಪ್ಪ ಕಾಕಾ ನನಗ ಯಾವಾಗೋ ಹೇಳಿದ್ರು, ಅರ್ಧಾ ತಾಸಿನ ಕೆಲಸ ಅಂತ," ಎಂದೆ. "ನಾನ ಮುಂದಿನ ವಾರ, ಮುಂದಿನ ವಾರ ಅನ್ಕೋತ ಬಂದೆ."

ಅವನು ತಲೆ ಎತ್ತಿದ. "ಯಾಕ್ರಿ?"

"ಪ್ರೇಮಕುಮಾರ ಅಂತ ಹೆಸರಿಟ್ಟಾರ, ಎಲ್ಲಾ ನಾನ ಬಿಡಿಸಿ ಹೇಳಬೇಕು," ಎಂದೆ. ಮುಂದಿನ ಮಾತಿಗೆ ಧ್ವನಿ ಇಳಿಯಿತು. "ಬ್ರೇಕ್ ಹಿಡೀತದ. ಕಲ್ಲು ಬೇಕಾಗಿಲ್ಲ. ನೀವು ಬೇಕು. ದಿನಾ ಬೇಕು."

ಅವನು ಎರಡೂ ಕೈ ಚಾಚಿ ಕಲ್ಲು ಇಸಿದುಕೊಂಡ. ಇಸಿದುಕೊಳ್ಳುವಾಗ ನನ್ನ ಬೆರಳುಗಳು ಕಲ್ಲಿನ ಕೆಳಗೆ ಅವನ ಬೆರಳುಗಳ ಮೇಲೆ ಉಳಿದವು. ನಾನೂ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ.

"ಅವ್ವ ದಿನಾ ಕೇಳ್ತಾಳ್ರಿ," ಎಂದ ಕೊನೆಗೆ, "ರೊಟ್ಟಿ ಡಬ್ಬಿ ಕೊಟ್ಟಾಕೀನ ಮನೀಗೆ ಯಾವಾಗ ಕರಕೊಂಡು ಬರ್ತಿ ಅಂತ."

"ಇವತ್ತ ಹೋಗೂಣ. ಮೊದಲ ನಮ್ಮಪ್ಪನ ಕಡೆ."

ಅವನು ಎಡಗಡೆಯ ಬಾಗಿಲು ತೆಗೆದು ತನ್ನ ಸೀಟಿನಲ್ಲಿ ಕೂತ, ಕಲ್ಲು ತೊಡೆಯ ಮೇಲೆ. ದಾರಿಯಲ್ಲಿ ಕಾಸರವಾಡಿಯ ಅಂಗಡಿಗೆ ಒಂದು ಚೀಲ ಕೊಡುವುದಿತ್ತು. ಏರಿನಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಗಟ್ಟಿಯಾಗಿ ಹಿಡಿಯಿತು, ಒಂದಿಷ್ಟೂ ಅಲುಗಲಿಲ್ಲ.

ಆದರೂ ಅವನು ಇಳಿದುಹೋಗಿ ಹಿಂದಿನ ಗಾಲಿಗೆ ಕಲ್ಲಿಟ್ಟ, ಎರಡು ಸಲ ತಟ್ಟಿದ, ಕನ್ನಡಿಯಲ್ಲಿ ನನ್ನ ಕಡೆ ನೋಡಿದ. ಬೇಡ ಎಂದು ನಾನು ಹೇಳಲಿಲ್ಲ.