ತುಂಬೆ ಹೂವಿನ ಹಾಳೆ

"ವಿನುತಾ... ಮಂಚದ ಕೆಳಗಿನ ಗಂಟು ಎಲ್ಲವ್ವಾ?"

ಶಂಕ್ರೆವ್ವ ಮಂಚದ ಕೆಳಗೆ ಬಗ್ಗಿ ನೋಡುತ್ತಾ ಕೂಗಿದಳು. ಕಾಂಡೋ ಮನೆಗಳ ಬೆಲೆ ದಿನದಿನಕ್ಕೂ ಏರುತ್ತಿದ್ದ ೨೦೦೭ರ ಸಿಂಗಾಪುರ. ಟ್ಯಾಂಪಿನೀಸ್ ಬಡಾವಣೆಯ ಫ್ಲ್ಯಾಟಿನ ತುಂಬಾ ರಟ್ಟಿನ ಪೆಟ್ಟಿಗೆಗಳು. ನಾಳೆಯೇ ಪಾಸಿರ್ ರಿಸ್‌ನ ಹೊಸ ಮನೆಗೆ ಶಿಫ್ಟ್. ಟೇಪ್ ಅಂಟಿಸುತ್ತಿದ್ದ ಸೊಸೆ ತಲೆ ಎತ್ತದೆಯೇ ಹೇಳಿದಳು.

"ಹಳೇ ನ್ಯೂಸ್‌ಪೇಪರ್ಸ್ ತಾನೇ ಅತ್ತೆ? ಬೆಳಿಗ್ಗೆ ಹಾರ್ನ್ ಹೊಡ್ಕೊಂಡು ಬರ್ತಾರಲ್ಲ, ರದ್ದಿ ಅಂಕಲ್... ಅವ್ರಿಗೆ ಕೊಟ್ಬಿಟ್ಟೆ."

ಶಂಕ್ರೆವ್ವ ಹಣೆ ಚಚ್ಚಿಕೊಂಡಳು. ಅಯ್ಯೋ ವಿಧಿಯೇ! ನೋಡಿದವರಿಗೆ ಅವು ಹಳೇ ಪೇಪರೇ, ಸುಳ್ಳಲ್ಲ. ಆಕೆಯ ಗಂಡ ಗುರುಬಸಪ್ಪ ಧಾರವಾಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮಾಸ್ತರಾಗಿದ್ದರು. ನಲವತ್ತು ವರ್ಷ ಹಳ್ಳಿಹಳ್ಳಿ ಅಲೆದು ತಂದ ಗಿಡಗಳನ್ನು ಹಳೇ ಪತ್ರಿಕೆಗಳ ನಡುವೆ ಒತ್ತಿ ಒಣಗಿಸುತ್ತಿದ್ದರು. ಗಿಡ ತೋರಿಸಿದ ಹೆಂಗಸು ಹಾಡಿದ ಬೀಸುವ ಪದವನ್ನೂ ಅದೇ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಬಾಯಿಂದಲೇ ಅರವತ್ತು ಪದ ಬರೆದುಕೊಂಡ ಆ ಪುಣ್ಯಾತ್ಮ, ಬೇರೆ ಪ್ರತಿ ಮಾತ್ರ ಮಾಡಲೇ ಇಲ್ಲ! ಸಾಯುವಾಗ ಆಕೆಯ ಕೈ ಹಿಡಿದು, "ಇವನ್ನ ನಮ್ಮ ಕಾಲೇಜಿಗೆ ಮುಟ್ಟಿಸು" ಎಂದಿದ್ದರು. ಅವರು ಹೋದ ಮೇಲೆ ಮಗನ ಮನೆಗೆ ಬಂದವಳು ಗಂಟನ್ನೂ ಜೊತೆಗೇ ತಂದಿದ್ದಳು. ಅದನ್ನು ಒಯ್ಯಲು ಅವರ ಶಿಷ್ಯ ಶ್ರೀಕಂಠ ಧಾರವಾಡದಿಂದ ಸೋಮವಾರ ಬರುವವನಿದ್ದ.

ವಿಷಯ ತಿಳಿದ ವಿನುತಾ ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದಳು. ಕಟ್ಟಡದ ಕೆಳಗಿನ ಖಾಲಿ ಜಾಗವಾದ ವಾಯ್ಡ್ ಡೆಕ್, ಪಕ್ಕದ ಬ್ಲಾಕ್, ಬಸ್ ಸ್ಟಾಪಿನವರೆಗೂ ಹುಡುಕಿ ಬೆವರುತ್ತಾ ಹಿಂತಿರುಗಿದಳು. "ಲಾರಿ ಹೋಗ್ಬಿಟ್ಟಿದೆ ಅತ್ತೆ! ಮಧ್ಯಾಹ್ನಾನೇ ಎಲ್ಲಾ ಫ್ಯಾಕ್ಟರೀಲಿ ಅರೆದುಬಿಟ್ಟಿರ್ತಾರಂತೆ..."

ಸಂಜೆ ಆಫೀಸಿನಿಂದ ಬಂದ ಮಗ ಶಿವಯೋಗೀಶ ಕೆಂಡಾಮಂಡಲವಾದ. "ಅಪ್ಪನ ಲೈಫ್ ಇಡೀ ಅದ್ರಲ್ಲಿತ್ತು! ಯಾರು ಕೊಟ್ಟಿದ್ದು? ಅವರ ಮುಖ ನಾನು ಇನ್ನು ನೋಡಲ್ಲ!"

ವಿನುತಾ ಹೇಳಲೆಂದು ಮುಂದೆ ಬಂದಳು. ಅಷ್ಟರಲ್ಲೇ ಶಂಕ್ರೆವ್ವ ಬಾಯಿ ತೆರೆದಳು.

"ನಾನೇ ಕೊಟ್ಟೆ. ಹೊಸ ಮನ್ಯಾಗ ಆ ಧೂಳ ಯಾಕಂತ..."

"ನೀನಾ?! ಅಪ್ಪ ನಿನ್ನ ನಂಬಿ ಹೋದ್ರಲ್ಲಮ್ಮಾ!"

ಆತ ಅಲ್ಲೇ ನಿಂತು ಧಾರವಾಡಕ್ಕೆ ಫೋನ್ ಮಾಡಿದ. "ಶ್ರೀಕಂಠ, ಬರೋದು ಬೇಡ. ಅಮ್ಮನೇ ರದ್ದಿಗೆ ಹಾಕಿದ್ಲು." ಇನ್ನು ಊರಿಗೆ ಊರೇ ಇದನ್ನೇ ಆಡಿಕೊಳ್ಳುತ್ತದೆಂದು ಶಂಕ್ರೆವ್ವನಿಗೆ ಗೊತ್ತಿತ್ತು.

ಅವನು ಕೋಣೆಯ ಬಾಗಿಲು ಹಾಕಿಕೊಂಡದ್ದೇ ತಡ, ವಿನುತಾ ಅತ್ತೆಯ ಕಾಲು ಹಿಡಿದಳು. "ಯಾಕತ್ತೆ ಹಾಗಂದ್ರಿ? ತಪ್ಪು ನಂದು..."

"ನೀವು ಬಾಳಿ ಬದುಕೋರು. ನಂದೇನು, ಇನ್ನ ನಾಕ ದಿನ. ಅಳಬ್ಯಾಡ."

ವಿನುತಾ ಕಣ್ಣೊರೆಸಿಕೊಂಡು ಹಾಳೆ, ಪೆನ್ನು ತಂದಳು. ಮಂಚದ ಕೆಳಗೆ ಉದುರಿ ಉಳಿದಿದ್ದ ಒಂದು ಒಣ ತುಂಬೆ ಹೂವನ್ನು ಆ ಹಾಳೆಗೆ ಅಂಟಿಸಿದಳು. "ನಿಮ್ಮ ಪದಗಳನ್ನಾದ್ರೂ ಹೇಳಿ ಅತ್ತೆ, ನಾನು ಬರ್ಕೋತೀನಿ."

ಶಂಕ್ರೆವ್ವ ಕಣ್ಣು ಮುಚ್ಚಿದಳು. ಬಲಗೈ ಬೀಸುವ ಕಲ್ಲು ತಿರುಗಿಸುವಂತೆ ಮೆಲ್ಲಗೆ ಸುತ್ತತೊಡಗಿತು. ಗಂಟಲಲ್ಲಿ ರಾಗ ಎದ್ದಿತು. ಒಂದು ಸುತ್ತು... ಎರಡು ಸುತ್ತು... ಕೈ ನಿಂತುಬಿಟ್ಟಿತು.

"ಪದ ಬರವಲ್ದು ತಂಗೀ... ಅವರು ಬರಕೊಂಡಾರಲ್ಲಾ ಅಂತ, ನಾ ಮರತ್ಬಿಟ್ಟೆ!"